ಒತ್ತಡದಲ್ಲಿ ದುಡಿಯುವ ಸೆಲ್‌ಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಫ್ಯುಯೆಲ್ ಸೆಲ್ ಬಗ್ಗೆ ಓದಲು ಕೂತರೆ ಎರಡನೇ ಪುಟದಲ್ಲೇ ‘ಬಾರ್’ ಎಂಬ ಪದ ಎದುರಾಗುತ್ತದೆ. ಅದು ಒತ್ತಡದ ಅಳತೆ; ನಮ್ಮ ಸುತ್ತಲಿನ ಗಾಳಿಯ ಒತ್ತಡ ಸುಮಾರು 1 ಬಾರ್. ಒಂದು ಕಡೆ 2 ಬಾರ್, ಇನ್ನೊಂದು ಕಡೆ 30, ಮತ್ತೊಂದು ಕಡೆ 700. ಇವೆಲ್ಲ ಒಂದೇ ಯಂತ್ರದ ಮಾತಾ, ಬೇರೆ ಬೇರೆಯಾ, ಇಷ್ಟೊಂದು ಒತ್ತಡ ಯಾಕೆ ಬೇಕು ಅನ್ನೋದು ಬಹಳ ಜನರ ಗೊಂದಲ. ಆ ಪ್ರಶ್ನೆಗಳನ್ನೇ ಇಲ್ಲಿ ಒಂದೊಂದಾಗಿ ತೆಗೆದುಕೊಂಡಿದ್ದೇನೆ. ಲೆಕ್ಕ ಬರುವ ಕಡೆ ಲೆಕ್ಕ ಹಾಕಿಯೇ ತೋರಿಸಿದ್ದೇನೆ. ಸುಮ್ನೆ ‘ಒತ್ತಡ ಹೆಚ್ಚಿದಷ್ಟೂ ಒಳ್ಳೆಯದು’ ಅಂದುಬಿಟ್ಟರೆ ಅದು ಅರ್ಧ ಸುಳ್ಳು.

ಫ್ಯುಯೆಲ್ ಸೆಲ್, ಎಲೆಕ್ಟ್ರೊಲೈಸರ್ ಎರಡೂ ಒಂದೇನಾ?

ಒಂದೇ ದಾರಿಯಲ್ಲಿ ಎದುರುಬದುರು ಹೋಗುವ ಎರಡು ಗಾಡಿಗಳು. ಎರಡು ಎಲೆಕ್ಟ್ರೋಡ್, ನಡುವೆ ಅಯಾನುಗಳನ್ನು ಮಾತ್ರ ಬಿಡುವ ಒಂದು ಪೊರೆ ಅಥವಾ ದ್ರಾವಣ, ಇಷ್ಟೇ ಮೂಲ ರಚನೆ. ಹೈಡ್ರೋಜನ್ ಮತ್ತು ಆಕ್ಸಿಜನ್ ಒಳಗೆ ಕೊಟ್ಟರೆ ನೀರು, ಕರೆಂಟ್ ಬರುತ್ತವೆ. ಅದು ಫ್ಯುಯೆಲ್ ಸೆಲ್. ನೀರು ಮತ್ತು ಕರೆಂಟ್ ಕೊಟ್ಟರೆ ಎರಡು ಅನಿಲ ಹೊರಬರುತ್ತವೆ; ಅದು ಎಲೆಕ್ಟ್ರೊಲೈಸರ್. ವಿಲಿಯಂ ಗ್ರೋವ್ 1839ರಲ್ಲಿ ತನ್ನ ‘ಗ್ಯಾಸ್ ಬ್ಯಾಟರಿ’ ಮಾಡಿದಾಗಿನಿಂದ ಈ ನಂಟು ಗೊತ್ತಿರುವಂಥದ್ದೇ.

ಒತ್ತಡದ ವಿಷಯಕ್ಕೆ ಬಂದಾಗ ಮಾತ್ರ ಇಬ್ಬರ ಹಿತ ಬೇರೆಯಾಗುತ್ತದೆ. ಫ್ಯುಯೆಲ್ ಸೆಲ್‌ನಲ್ಲಿ ಒತ್ತಡ ಏರಿದರೆ ವೋಲ್ಟೇಜ್ ಏರುತ್ತದೆ, ಅದು ಲಾಭ. ಎಲೆಕ್ಟ್ರೊಲೈಸರ್‌ನಲ್ಲೂ ವೋಲ್ಟೇಜ್ ಏರುತ್ತದೆ, ಆದರೆ ಅಲ್ಲಿ ವೋಲ್ಟೇಜ್ ನಾವು ಕೊಡಬೇಕಾದ್ದು, ಹಾಗಾಗಿ ಖರ್ಚು.

ವೋಲ್ಟೇಜ್ ಎಷ್ಟು ಏರುತ್ತದೆ?

ನೀವು ಅಂದುಕೊಂಡದ್ದಕ್ಕಿಂತ ಬಹಳ ಕಡಿಮೆ. ವಾಲ್ಟರ್ ನೆರ್ನ್ಸ್ಟ್ 1889ರಲ್ಲಿ ಕೊಟ್ಟ ಸಮೀಕರಣದ ಪ್ರಕಾರ ವೋಲ್ಟೇಜ್ ಏರುವುದು ಒತ್ತಡದ ಲಾಗರಿದಮ್ ಲೆಕ್ಕದಲ್ಲಿ, ಅಂದರೆ ಒತ್ತಡ ಹತ್ತು ಪಟ್ಟಾದಾಗಲೆಲ್ಲ ಒಂದೇ ಅಳತೆಯಷ್ಟು ಮಾತ್ರ. 80 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೈಡ್ರೋಜನ್ ಒತ್ತಡ ಹತ್ತು ಪಟ್ಟಾದರೆ ಸಿಗುವುದು 35 ಮಿಲಿವೋಲ್ಟ್. ಆಕ್ಸಿಜನ್ ಕೂಡ ಹತ್ತು ಪಟ್ಟಾದರೆ ಅದರ ಅರ್ಧ ಸೇರಿ, ಒಟ್ಟು 52 ಮಿಲಿವೋಲ್ಟ್ ಆಸುಪಾಸು. ಒಂದು ಸೆಲ್ ಕೆಲಸ ಮಾಡುವುದು 0.65ರಿಂದ 0.7 ವೋಲ್ಟ್‌ನಲ್ಲಿ. ಹತ್ತು ಪಟ್ಟು ಒತ್ತಡಕ್ಕೆ ಇಷ್ಟೇನಾ ಅನ್ನಿಸುತ್ತದೆ, ಅಲ್ವಾ?

ಹಾಗಾದರೆ ಕಾರಿನ ಫ್ಯುಯೆಲ್ ಸೆಲ್‌ಗೆ ಗಾಳಿ ಒತ್ತುವ ಕಂಪ್ರೆಸರ್ ಯಾಕೆ ಇಡುತ್ತಾರೆ?

ಈ ಪುಟದಲ್ಲಿ ನನಗೆ ಅತಿ ಇಷ್ಟದ ಪ್ರಶ್ನೆ ಇದು. ಉತ್ತರ ನೆರ್ನ್ಸ್ಟ್ ಹತ್ತಿರ ಇಲ್ಲ, ನೀರಿನ ಆವಿಯ ಹತ್ತಿರ ಇದೆ.

ಕಾರಿನಲ್ಲಿ ಬಳಸುವ ಪೊರೆ ಒದ್ದೆಯಾಗಿದ್ದರೆ ಮಾತ್ರ ಪ್ರೋಟಾನ್ (ಎಲೆಕ್ಟ್ರಾನ್ ಕಳೆದುಕೊಂಡ ಹೈಡ್ರೋಜನ್) ಸಾಗಿಸುತ್ತದೆ. ಹಾಗಾಗಿ ಒಳಗಿನ ಗಾಳಿಯಲ್ಲಿ ತೇವ ತುಂಬಿರಬೇಕು. 80 ಡಿಗ್ರಿಯಲ್ಲಿ ನೀರಿನ ಆವಿಯ ಒತ್ತಡ 0.47 ಬಾರ್. ಸೆಲ್ ಒಳಗೆ ಒಟ್ಟು 1 ಬಾರ್ ಇದ್ದರೆ ಹೆಚ್ಚುಕಡಿಮೆ ಅರ್ಧ ಜಾಗವನ್ನು ಆವಿಯೇ ಹಿಡಿದು ಕೂರುತ್ತದೆ. ಉಳಿದ 0.53 ಬಾರ್ ಗಾಳಿಯಲ್ಲಿ ಆಕ್ಸಿಜನ್ ಪಾಲು ಬರೀ 0.11 ಬಾರ್.

ಈಗ ಒಟ್ಟು ಒತ್ತಡವನ್ನು 2.5 ಬಾರ್‌ಗೆ ಏರಿಸಿ. ಆವಿ ಅದೇ 0.47 ಬಾರ್, ತಾಪ ಬದಲಾಗದೆ ಅದು ಬೆಳೆಯುವುದಿಲ್ಲ. ಗಾಳಿಗೆ 2.03 ಬಾರ್ ಉಳಿಯಿತು, ಅದರಲ್ಲಿ ಆಕ್ಸಿಜನ್ 0.43 ಬಾರ್. ನಾವು ಒತ್ತಡ ಏರಿಸಿದ್ದು ಎರಡೂವರೆ ಪಟ್ಟು, ಆಕ್ಸಿಜನ್ ಸಿಕ್ಕಿದ್ದು ನಾಲ್ಕು ಪಟ್ಟು! ಫ್ಯುಯೆಲ್ ಸೆಲ್‌ನಲ್ಲಿ ಆಮೆನಡಿಗೆಯ ಕೆಲಸ ಯಾವುದೆಂದರೆ ಆಕ್ಸಿಜನ್ ಪ್ರತಿಕ್ರಿಯೆ. ಅಲ್ಲಿಗೆ ಆಕ್ಸಿಜನ್ ಧಾರಾಳವಾಗಿ ಬಂದರೆ ಪ್ರತಿಕ್ರಿಯೆ ಚುರುಕು ಮಾಡುವ ಕ್ಯಾಟಲಿಸ್ಟ್ ಆದ ಅದೇ ಪ್ಲಾಟಿನಂನಿಂದ ಹೆಚ್ಚು ಕರೆಂಟ್ ತೆಗೆಯಬಹುದು, ಸ್ಟ್ಯಾಕ್ (ಒಂದರ ಮೇಲೊಂದು ಜೋಡಿಸಿದ ಸೆಲ್‌ಗಳ ಕಟ್ಟು) ಚಿಕ್ಕದಾಗುತ್ತದೆ, ಪೊರೆ ಬೇಗ ಒಣಗುವುದೂ ಇಲ್ಲ.

ಅಂಥ ಲಾಭ ಇದ್ದರೆ 10 ಬಾರ್ ತನಕ ಏರಿಸಬಹುದಲ್ಲ?

ಏರಿಸಬಹುದು, ಆದರೆ ಕಂಪ್ರೆಸರ್ ತಿನ್ನುವ ಕರೆಂಟ್ ಯಾರು ಕೊಡುತ್ತಾರೆ? ಅದೂ ಇದೇ ಸ್ಟ್ಯಾಕ್‌ನಿಂದಲೇ ಬರಬೇಕು. 100 ಕಿಲೊವ್ಯಾಟ್ ಸ್ಟ್ಯಾಕ್‌ಗೆ ಬೇಕಾದ ಗಾಳಿಯನ್ನು (ಬೇಕಾದ್ದರ ಎರಡರಷ್ಟು ಕೊಡುವುದು ವಾಡಿಕೆ) 2.5 ಬಾರ್‌ಗೆ ಒತ್ತಲು, ಕಂಪ್ರೆಸರ್ ದಕ್ಷತೆ ಶೇ. 70 ಅಂತ ಇಟ್ಟುಕೊಂಡರೆ, ಸುಮಾರು 14 ಕಿಲೊವ್ಯಾಟ್ ಹೋಗುತ್ತದೆ. ಗಳಿಸಿದ್ದರಲ್ಲಿ ಏಳನೇ ಒಂದು ಪಾಲು ಉಸಿರಾಡಲಿಕ್ಕೇ ಖರ್ಚು. ಹೊರಹೋಗುವ ಬಿಸಿ ಗಾಳಿಯಿಂದ ಒಂದು ಚಿಕ್ಕ ಟರ್ಬೈನ್ ತಿರುಗಿಸಿ ಸ್ವಲ್ಪ ವಾಪಸ್ ಪಡೆಯುವವರೂ ಇದ್ದಾರೆ. ಆದರೂ 2ರಿಂದ 3 ಬಾರ್ ಆಚೆಗೆ ಕಾರಿನಲ್ಲಿ ಲೆಕ್ಕ ಹೊಂದುವುದಿಲ್ಲ.

ಆ ಕಂಪ್ರೆಸರ್ ಕೂಡ ಸಾಮಾನ್ಯದ್ದಲ್ಲ. ನಿಮಿಷಕ್ಕೆ ಲಕ್ಷ ಸುತ್ತಿನ ಆಸುಪಾಸಿನಲ್ಲಿ ತಿರುಗುತ್ತದೆ. ಎಣ್ಣೆ ಹಾಕುವಂತಿಲ್ಲ, ಒಂದು ಹನಿ ಸೆಲ್ ಒಳಗೆ ಹೋದರೂ ಕ್ಯಾಟಲಿಸ್ಟ್ ಕೆಡುತ್ತದೆ. ಅದಕ್ಕೇ ಗಾಳಿಯ ಪದರದ ಮೇಲೆಯೇ ತೇಲುವ ಬೇರಿಂಗ್ ಬಳಸುತ್ತಾರೆ. ಕಳೆದ ವರ್ಷಗಳಲ್ಲಿ ಕಾರಿನ ಫ್ಯುಯೆಲ್ ಸೆಲ್ ಸುಧಾರಿಸಿದ್ದರ ಶ್ರೇಯವನ್ನೆಲ್ಲ ಜನ ಕ್ಯಾಟಲಿಸ್ಟ್‌ಗೆ ಕೊಡುತ್ತಾರೆ. ನನ್ನ ಪ್ರಕಾರ ಈ ಪುಟ್ಟ ಕಂಪ್ರೆಸರ್‌ಗೂ ಒಂದು ಪಾಲು ಸಲ್ಲಬೇಕು.

ಟ್ಯಾಂಕಿನಲ್ಲಿ 700 ಬಾರ್ ಇರುತ್ತದಲ್ಲ, ಅದು ಸೆಲ್ ಒಳಗೆ ಹೋಗುವುದಿಲ್ಲವಾ?

ಇಲ್ಲ. 700 ಬಾರ್ ಬರೀ ಜಾಗ ಉಳಿಸಲು. ಟೊಯೊಟಾ 2014ರಲ್ಲಿ ತಂದ ಮಿರಾಯ್ ಕಾರಿನಂಥವುಗಳಲ್ಲಿ ಟ್ಯಾಂಕ್ 700 ಬಾರ್‌ನದ್ದು. ಒಳಗೆ ಪ್ಲಾಸ್ಟಿಕ್ ಪದರ, ಹೊರಗೆ ಕಾರ್ಬನ್ ಫೈಬರ್ ಸುತ್ತು. ಅಲ್ಲಿಂದ ರೆಗ್ಯುಲೇಟರ್‌ಗಳು ಮೆಟ್ಟಿಲು ಮೆಟ್ಟಿಲಾಗಿ ಒತ್ತಡ ಇಳಿಸಿ ಸೆಲ್‌ಗೆ ಕೆಲವೇ ಬಾರ್ ಕೊಡುತ್ತವೆ.

ಇನ್ನೊಂದು ಮಾತು. ಒತ್ತಡ ದುಪ್ಪಟ್ಟಾದರೆ ಹಿಡಿಯುವ ಹೈಡ್ರೋಜನ್ ಕೂಡ ದುಪ್ಪಟ್ಟಾಗುತ್ತದೆ ಎಂದುಕೊಂಡರೆ ತಪ್ಪು. 350 ಬಾರ್‌ನಲ್ಲಿ ಲೀಟರ್‌ಗೆ ಸುಮಾರು 24 ಗ್ರಾಂ, 700 ಬಾರ್‌ನಲ್ಲಿ ಸುಮಾರು 40 ಗ್ರಾಂ. ಶಾಲೆಯಲ್ಲಿ ಕಲಿತ ಆದರ್ಶ ಅನಿಲದ ಸೂತ್ರ ಹಾಕಿದರೆ 59 ಗ್ರಾಂ ಬರುತ್ತದೆ. ಅಷ್ಟು ಒತ್ತಡದಲ್ಲಿ ಅಣುಗಳು ಒಂದನ್ನೊಂದು ತಳ್ಳಲು ಶುರು ಮಾಡುತ್ತವೆ, ಸೂತ್ರ ಕೈಕೊಡುತ್ತದೆ.

ಫ್ಯುಯೆಲ್ ಸೆಲ್ ಒಳಗೇ ನಿಜವಾಗಿ ಹೆಚ್ಚು ಒತ್ತಡ ಬಳಸಿದವರು ಇದ್ದಾರಾ?

ಇದ್ದಾರೆ, ಮತ್ತು ಅದು ಹಳೇ ಕಥೆ. ಇಂಗ್ಲೆಂಡಿನ ಎಂಜಿನಿಯರ್ ಫ್ರಾನ್ಸಿಸ್ ಥಾಮಸ್ ಬೇಕನ್ 1930ರ ದಶಕದಲ್ಲಿ ಈ ಕೆಲಸಕ್ಕೆ ಕೈಹಾಕಿದರು. ದುಬಾರಿ ಪ್ಲಾಟಿನಂ ಬೇಡ, ಅಗ್ಗದ ನಿಕಲ್ ಸಾಕು ಎಂಬುದು ಅವರ ಹಟ. ಆದರೆ ನಿಕಲ್ ತಣ್ಣಗಿದ್ದಾಗ ಮಂದ. ಅದನ್ನು ಚುರುಕು ಮಾಡಲು ಸೆಲ್ಲನ್ನು 200 ಡಿಗ್ರಿಗೆ ಕಾಯಿಸಿದರು. ಆ ಬಿಸಿಗೆ ಪೊಟ್ಯಾಷಿಯಂ ಹೈಡ್ರಾಕ್ಸೈಡ್ ದ್ರಾವಣ ಕುದಿದು ಹೋಗಬಾರದಲ್ಲ, ಅದಕ್ಕೆ 40 ಬಾರ್ ಆಸುಪಾಸಿನ ಒತ್ತಡ ಹಾಕಿದರು. ಒಂದಕ್ಕೆ ಪರಿಹಾರ ಹುಡುಕಿದರೆ ಇನ್ನೊಂದು ತೊಂದರೆ, ಅದರ ಪರಿಹಾರಕ್ಕೆ ಮತ್ತೊಂದು. ಎಂಜಿನಿಯರಿಂಗ್ ಅಂದರೆ ಹೆಚ್ಚಾಗಿ ಇದೇ.

ಅವರ ನಿಜವಾದ ಜಾಣ್ಮೆ ಎಲೆಕ್ಟ್ರೋಡ್‌ನಲ್ಲಿತ್ತು. ರಂಧ್ರಗಳಿರುವ ನಿಕಲ್‌ನಲ್ಲಿ ಎರಡು ಪದರ: ದ್ರಾವಣದ ಕಡೆ ಸಣ್ಣ ರಂಧ್ರ, ಅನಿಲದ ಕಡೆ ದೊಡ್ಡ ರಂಧ್ರ. ಸಣ್ಣ ರಂಧ್ರಗಳು ದ್ರವವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತವೆ, ದೊಡ್ಡ ರಂಧ್ರಗಳಿಂದ ಅನಿಲ ಅದನ್ನು ಹಿಂದಕ್ಕೆ ತಳ್ಳುತ್ತದೆ. ಹಾಗಾಗಿ ಅನಿಲ, ದ್ರವ, ಲೋಹ ಮೂರೂ ಕೂಡುವ ಗೆರೆ ಎರಡು ಪದರಗಳ ನಡುವೆ ಅಲುಗಾಡದೆ ನಿಲ್ಲುತ್ತದೆ.

1959ರಲ್ಲಿ ಸುಮಾರು 5 ಕಿಲೊವ್ಯಾಟ್‌ನ, 40 ಸೆಲ್‌ಗಳ ಯಂತ್ರ ತೋರಿಸಿದರು. ಅದು ಗರಗಸ ತಿರುಗಿಸಿತು, ವೆಲ್ಡಿಂಗ್ ಮಾಡಿತು, ಫೋರ್ಕ್‌ಲಿಫ್ಟ್ ಓಡಿಸಿತು. ಅಮೆರಿಕದ ಪ್ರ್ಯಾಟ್ ಅಂಡ್ ವಿಟ್ನಿ ಕಂಪನಿ ಇದರ ಹಕ್ಕು ಪಡೆದು ಅಪೋಲೊ ನೌಕೆಗೆ ಒಗ್ಗಿಸಿತು. ಅಲ್ಲಿ ತೂಕವೇ ಶತ್ರು. 40 ಬಾರ್ ತಡೆಯುವ ದಪ್ಪ ಉಕ್ಕನ್ನು ಚಂದ್ರನ ತನಕ ಹೊತ್ತುಕೊಂಡು ಹೋಗುವುದು ಯಾರಿಗೆ ಬೇಕು? ಅವರು ದ್ರಾವಣವನ್ನು ಬಹಳ ಗಾಢ ಮಾಡಿದರು. ಗಾಢ ದ್ರಾವಣ ಸುಲಭಕ್ಕೆ ಕುದಿಯುವುದಿಲ್ಲ, ಹಾಗಾಗಿ ಒತ್ತಡವನ್ನು ಸುಮಾರು 3.5 ಬಾರ್‌ಗೆ ಇಳಿಸಲು ಆಯಿತು.

ಎಲೆಕ್ಟ್ರೊಲೈಸರ್‌ಗಳಲ್ಲಿ ಎಲ್ಲಿ ನೋಡಿದರೂ 30 ಬಾರ್ ಅಂತಾರೆ. ಆ ಸಂಖ್ಯೆಯಲ್ಲಿ ಏನಿದೆ?

30 ಬಾರ್ ಹೊಸತೇನಲ್ಲ. ಯುರೋಪಿನಲ್ಲಿ ಲುರ್ಗಿ ಕಂಪನಿಯ ಕ್ಷಾರ ಎಲೆಕ್ಟ್ರೊಲೈಸರ್‌ಗಳು (ಪೊಟ್ಯಾಷಿಯಂ ಹೈಡ್ರಾಕ್ಸೈಡ್‌ನಂಥ ಕ್ಷಾರ ದ್ರಾವಣ ಬಳಸುವಂಥವು) 1950ರ ಸುಮಾರಿಗೇ ಈ ಒತ್ತಡದಲ್ಲಿ ಓಡುತ್ತಿದ್ದವು. ಆ ಸಂಖ್ಯೆ ಉಳಿದುಕೊಂಡದ್ದಕ್ಕೆ ಕಾರಣಗಳಿವೆ.

ಮೊದಲನೆಯದು ಲಾಗರಿದಮ್. ಅನಿಲ ಒತ್ತುವ ಶ್ರಮ ನಿಂತಿರುವುದು ಎಷ್ಟು ಬಾರ್ ಏರಿತು ಎಂಬುದರ ಮೇಲಲ್ಲ, ಎಷ್ಟು ಪಟ್ಟಾಯಿತು ಎಂಬುದರ ಮೇಲೆ. ಹೈಡ್ರೋಜನ್ನನ್ನು 1ರಿಂದ 700 ಬಾರ್‌ಗೆ ಒಯ್ಯಬೇಕು ಅಂದುಕೊಳ್ಳಿ. 1ರಿಂದ 30 ಅಂದರೆ 30 ಪಟ್ಟು. 30ರಿಂದ 700 ಅಂದರೆ 23 ಪಟ್ಟು ಮಾತ್ರ. ಆದರ್ಶ ಲೆಕ್ಕದಲ್ಲಿ, 30 ಬಾರ್ ತಲುಪುವಾಗಲೇ ಅರ್ಧಕ್ಕಿಂತ ಹೆಚ್ಚು ದಾರಿ ಮುಗಿದಿರುತ್ತದೆ! ಕಂಪ್ರೆಸರ್‌ನ ಮೊದಲ ಹಂತಗಳೇ ದೊಡ್ಡವು, ಏಕೆಂದರೆ 1 ಬಾರ್‌ನ ಅನಿಲ ಊದಿಕೊಂಡಿರುತ್ತದೆ. ಆ ದೊಡ್ಡ ಹಂತಗಳನ್ನು ಸೆಲ್ ತಾನೇ ಮಾಡಿಕೊಟ್ಟರೆ ಯಂತ್ರದ ಅರ್ಧ ಕಬ್ಬಿಣ ಉಳಿಯುತ್ತದೆ.

ಎರಡನೆಯದು ಮತ್ತೆ ಅದೇ ನೀರಿನ ಆವಿ. 80 ಡಿಗ್ರಿಯಲ್ಲಿ 1 ಬಾರ್‌ಗೆ ಹೊರಬರುವ ಹೈಡ್ರೋಜನ್‌ನಲ್ಲಿ ಶೇ. 47 ಆವಿ. 30 ಬಾರ್‌ನಲ್ಲಿ ಶೇ. 1.6 ಮಾತ್ರ. ಒಣಗಿಸುವ ಕೆಲಸ ಎಷ್ಟು ಹಗುರ ಆಯಿತು ನೋಡಿ.

ಗುಳ್ಳೆಗಳೂ ಕುಗ್ಗುತ್ತವೆ. ಸೋಡಾ ಬಾಟಲಿಯ ಮುಚ್ಚಳ ಬಿಗಿಯಾಗಿರುವಾಗ ಒಳಗೆ ಗುಳ್ಳೆ ಕಾಣುವುದಿಲ್ಲ, ತೆಗೆದ ಕೂಡಲೇ ಉಕ್ಕುತ್ತದೆ. ಇಲ್ಲೂ ಅಷ್ಟೇ. ಅಷ್ಟೇ ಹೈಡ್ರೋಜನ್ 30 ಬಾರ್‌ನಲ್ಲಿ ಮೂವತ್ತನೇ ಒಂದು ಪಾಲು ಜಾಗ ಹಿಡಿಯುತ್ತದೆ. ಎಲೆಕ್ಟ್ರೋಡ್ ಮೈಮೇಲೆ ಕೂತು ದಾರಿ ತಡೆಯುವ ಗುಳ್ಳೆ ಕಡಿಮೆಯಾದಷ್ಟೂ ಒಳಗಿನ ವಿದ್ಯುತ್ ತಡೆ ಕಡಿಮೆ.

ನೀರನ್ನು ಪಂಪ್ ಮಾಡಿ ಒತ್ತಡ ಕೊಟ್ಟರೆ ಹೈಡ್ರೋಜನ್ ಒತ್ತಡ ಪುಕ್ಕಟೆ ಸಿಗುತ್ತದೆ ಅಂತಾರೆ. ನಿಜವಾ?

ಜಾಹೀರಾತಿನಲ್ಲಿ ನಿಜ. 1 ಕಿಲೊ ಹೈಡ್ರೋಜನ್‌ಗೆ 9 ಕಿಲೊ ನೀರು ಬೇಕು. ಅದನ್ನು 30 ಬಾರ್‌ಗೆ ಪಂಪ್ ಮಾಡಲು ಆದರ್ಶ ಲೆಕ್ಕದಲ್ಲಿ 0.007 ಯೂನಿಟ್ ಕರೆಂಟ್ ಸಾಕು. ಇದನ್ನು ನೋಡಿಯೇ ‘ಪುಕ್ಕಟೆ’ ಎಂಬ ಮಾತು ಹುಟ್ಟಿದ್ದು.

ಆದರೆ ಪಂಪ್ ಕಟ್ಟದ ಬಿಲ್ಲನ್ನು ವೋಲ್ಟೇಜ್ ಕಟ್ಟುತ್ತದೆ. 80 ಡಿಗ್ರಿಯಲ್ಲಿ ಹೈಡ್ರೋಜನ್ 1ರಿಂದ 30 ಬಾರ್ ಆದರೆ ಸೆಲ್‌ಗೆ 52 ಮಿಲಿವೋಲ್ಟ್ ಹೆಚ್ಚು ಕೊಡಬೇಕು. 1 ಕಿಲೊ ಹೈಡ್ರೋಜನ್‌ಗೆ ಪ್ರತಿ ವೋಲ್ಟ್‌ಗೂ 26.6 ಯೂನಿಟ್ ಹಿಡಿಯುತ್ತದೆ. ಹಾಗಾಗಿ 52 ಮಿಲಿವೋಲ್ಟ್ ಅಂದರೆ 1.4 ಯೂನಿಟ್. ಪುಕ್ಕಟೆ ಏನಿಲ್ಲ. ಆದರೂ ಇದು ಒಳ್ಳೆಯ ವ್ಯಾಪಾರ: ಒಂದು ಕಿಲೊಗೆ ಒಟ್ಟು 50ರಿಂದ 55 ಯೂನಿಟ್ ನುಂಗುವ ಯಂತ್ರದಲ್ಲಿ 1.4 ದೊಡ್ಡದಲ್ಲ, ಮತ್ತು ಅದಕ್ಕೆ ಅಲುಗಾಡುವ ಭಾಗ ಒಂದೂ ಬೇಡ.

ಹಾಗಿದ್ದರೆ ನೇರವಾಗಿ 700 ಬಾರ್‌ನಲ್ಲೇ ಯಾಕೆ ಮಾಡುವುದಿಲ್ಲ?

ಮಾಡಿ ತೋರಿಸಿದವರಿದ್ದಾರೆ. ಹೋಂಡಾ ತನ್ನ ಪುಟ್ಟ ಹೈಡ್ರೋಜನ್ ಸ್ಟೇಷನ್‌ನಲ್ಲಿ ಬೇರೆ ಕಂಪ್ರೆಸರ್ ಇಲ್ಲದೆ ಮೊದಲು 350, ಆಮೇಲೆ 700 ಬಾರ್ ತನಕ ಹೋಯಿತು. ವೋಲ್ಟೇಜ್ ಖರ್ಚು ಅಡ್ಡಿಯಲ್ಲ, ಅದು ಕಿಲೊಗೆ ಮೂರು ಯೂನಿಟ್ ಆಸುಪಾಸಿನದು. ಅಡ್ಡಿ ಬೇರೆಯದು: ಸೋರಿಕೆ.

ಯಾವ ಸೋರಿಕೆ? ಪೈಪಿನದ್ದಾ?

ಪೈಪಿನದ್ದಾದರೆ ಸ್ಪ್ಯಾನರ್ ಹಿಡಿದು ಬಿಗಿ ಮಾಡಬಹುದಿತ್ತು. ಇದು ಪೊರೆಯ ಮೂಲಕವೇ ಆಗುವ ಸೋರಿಕೆ. ಹೈಡ್ರೋಜನ್ ಅಣು ಎಷ್ಟು ಚಿಕ್ಕದೆಂದರೆ ಒದ್ದೆ ಪೊರೆಯಲ್ಲಿ ಕರಗಿ ಆಕ್ಸಿಜನ್ ಕಡೆಗೆ ನುಸುಳುತ್ತದೆ. ಒತ್ತಡ ಹತ್ತು ಪಟ್ಟಾದರೆ ನುಸುಳುವುದೂ ಹೆಚ್ಚುಕಡಿಮೆ ಹತ್ತು ಪಟ್ಟು. ವೋಲ್ಟೇಜ್ ಲಾಗರಿದಮ್‌ನಲ್ಲಿ ತೆವಳುತ್ತದೆ, ಸೋರಿಕೆ ನೇರವಾಗಿ ಏರುತ್ತದೆ. ಹೆಚ್ಚು ಒತ್ತಡದ ಸೆಲ್‌ಗಳ ಕಷ್ಟಗಳಲ್ಲಿ ಬಹುಪಾಲು ಈ ಒಂದು ವ್ಯತ್ಯಾಸದಿಂದ ಹುಟ್ಟಿದ್ದು.

ಆಕ್ಸಿಜನ್‌ನಲ್ಲಿ ಹೈಡ್ರೋಜನ್ ಶೇ. 4 ದಾಟಿದರೆ ಕಿಡಿ ಸಾಕು. ಅದಕ್ಕೆ ಸುಮಾರು ಶೇ. 2ಕ್ಕೇ ಯಂತ್ರ ತಾನಾಗಿ ನಿಲ್ಲುವಂತೆ ಇಡುತ್ತಾರೆ.

ಪೊರೆ ದಪ್ಪ ಮಾಡಿದರೆ ಸೋರಿಕೆ ಕಡಿಮೆ, ಆದರೆ ತಡೆ ಜಾಸ್ತಿ, ಕರೆಂಟ್ ವ್ಯರ್ಥ. ತೆಳು ಮಾಡಿದರೆ ದಕ್ಷತೆ ಚೆನ್ನ, ಸೋರಿಕೆ ಭಯ. ಅತ್ತ ದರಿ, ಇತ್ತ ಪುಲಿ. ಕಾರಿನ ಫ್ಯುಯೆಲ್ ಸೆಲ್ ಪೊರೆ ಹತ್ತಿಪ್ಪತ್ತು ಮೈಕ್ರಾನ್ (ಮಿಲಿಮೀಟರ್‌ನ ಸಾವಿರದ ಒಂದು ಪಾಲು) ಇದ್ದರೆ, ಎಲೆಕ್ಟ್ರೊಲೈಸರ್‌ನಲ್ಲಿ ಬಹುಕಾಲ ಬಳಸಿದ ನ್ಯಾಫಿಯಾನ್ 117 ಎಂಬ ಪೊರೆ ಸುಮಾರು 180 ಮೈಕ್ರಾನ್. ಈಚಿನ ಮುಖ್ಯ ಸುಧಾರಣೆ ಅಂದರೆ ಪೊರೆಯೊಳಗೇ ಅಲ್ಪ ಪ್ಲಾಟಿನಂ ಬೆರೆಸುವುದು. ನುಸುಳುವ ಹೈಡ್ರೋಜನ್ ದಾರಿಯಲ್ಲೇ ಆಕ್ಸಿಜನ್ ಜೊತೆ ಸೇರಿ ನೀರಾಗಿಬಿಡುತ್ತದೆ. ಕಳ್ಳ ಊರು ದಾಟುವ ಮೊದಲೇ ಸಿಕ್ಕಿಬಿದ್ದಂತೆ. ಇದರಿಂದ ತೆಳು ಪೊರೆ ಬಳಸುವ ಧೈರ್ಯ ಬಂದಿದೆ.

ಎರಡೂ ಕಡೆ ಒಂದೇ ಒತ್ತಡ ಇರಬೇಕಾ?

ಇರಲೇಬೇಕು ಅಂತಿಲ್ಲ. ಕ್ಷಾರ ಎಲೆಕ್ಟ್ರೊಲೈಸರ್‌ನಲ್ಲಿ ನಡುವಿನದ್ದು ರಂಧ್ರಗಳಿರುವ ಡಯಾಫ್ರಮ್. ಎರಡೂ ಕಡೆ ಒತ್ತಡ ಸಮ ಇಲ್ಲದಿದ್ದರೆ ದ್ರವವೇ ಆಚೆ ಹರಿಯುತ್ತದೆ. ಹಾಗಾಗಿ ಅಲ್ಲಿ ಒತ್ತಡದ ಸಮತೋಲನ ಕಾಯುವುದೇ ಕಂಟ್ರೋಲ್ ವಾಲ್ವ್‌ಗಳ ಮುಖ್ಯ ಕೆಲಸ.

ಪಾಲಿಮರ್ ಪೊರೆಯ ಯಂತ್ರದಲ್ಲಿ ಹೈಡ್ರೋಜನ್ ಕಡೆ 30 ಬಾರ್, ಆಕ್ಸಿಜನ್ ಕಡೆ ವಾತಾವರಣದ ಒತ್ತಡ ಇಡಬಹುದು. ಇದರಿಂದ ದೊಡ್ಡ ಉಪಕಾರ ಏನೆಂದರೆ ಒತ್ತಡದ ಶುದ್ಧ ಆಕ್ಸಿಜನ್ ಎಂಬ ಅಪಾಯಕಾರಿ ವಸ್ತುವನ್ನು ಸಂಭಾಳಿಸುವ ಗೋಜಿಲ್ಲ. ಅದರಲ್ಲಿ ಲೋಹ ಕೂಡ ಉರಿಯಬಲ್ಲದು. ಇದಕ್ಕೆ ಬೆಲೆ ಕೊಡುವುದು ಪೊರೆ: ಒಂದು ಕಡೆಯಿಂದ ಪ್ರತಿ ಚದರ ಸೆಂಟಿಮೀಟರ್‌ಗೆ ಸುಮಾರು 30 ಕಿಲೊ ಭಾರ. ಹಿಂದೆ ಆಧಾರಕ್ಕೆ ಇಡುವ ಟೈಟೇನಿಯಂ ಹಾಳೆಯ ರಂಧ್ರ ದೊಡ್ಡದಿದ್ದರೆ ಪೊರೆ ಅದರೊಳಗೆ ಹೂತುಕೊಂಡು ಹರಿಯುತ್ತದೆ. ಆ ಹಾಳೆಯ ಮೇಲೆ ಇನ್ನೂ ನವಿರಾದ ರಂಧ್ರಗಳ ಪದರ ಕೂರಿಸಲು ಇದೂ ಒಂದು ಕಾರಣ.

ಸೋಲಾರ್ ಕರೆಂಟ್ ಕೊಟ್ಟರೆ ಅಪಾಯ ಹೆಚ್ಚು ಅಂತ ಕೇಳಿದ್ದೆ. ಅದು ಹೇಗೆ?

ಸೋಲಾರ್‌ನದ್ದು ತಪ್ಪಿಲ್ಲ, ಕಡಿಮೆ ಕರೆಂಟ್‌ನದ್ದು. ಸೋರಿಕೆ ಒತ್ತಡವನ್ನು ಕೇಳುತ್ತದೆ, ಕರೆಂಟನ್ನಲ್ಲ. ಮೋಡ ಬಂದು ಕರೆಂಟ್ ಹತ್ತನೇ ಒಂದಕ್ಕೆ ಇಳಿದರೂ ನುಸುಳುವ ಅನಿಲ ಅಷ್ಟೇ ಇರುತ್ತದೆ, ಅದನ್ನು ತೆಳುಗೊಳಿಸುವ ಹೊಸ ಅನಿಲ ಮಾತ್ರ ಕಡಿಮೆ. ಹಾಗಾಗಿ ಬೆರಕೆಯ ಪ್ರಮಾಣ ಹತ್ತು ಪಟ್ಟಾಗುತ್ತದೆ. ಒತ್ತಡದ ಕ್ಷಾರ ಯಂತ್ರಗಳಿಗೆ ಇಂತಿಷ್ಟು ಕರೆಂಟ್‌ಗಿಂತ ಕೆಳಗೆ ಓಡಿಸಬೇಡಿ ಎಂಬ ಮಿತಿ ಇರುವುದು ಇದಕ್ಕೇ.

2019ರ ಮೇ 23ರಂದು ದಕ್ಷಿಣ ಕೊರಿಯಾದ ಗಾಂಗ್‌ನಂಗ್‌ನಲ್ಲಿ ಸೋಲಾರ್‌ಗೆ ಜೋಡಿಸಿದ ಎಲೆಕ್ಟ್ರೊಲೈಸರ್‌ನಿಂದ ತುಂಬಿಸಿದ್ದ ಹೈಡ್ರೋಜನ್ ಟ್ಯಾಂಕ್‌ಗಳು ಸ್ಫೋಟಗೊಂಡು ಇಬ್ಬರು ಸತ್ತರು, ಆರು ಜನ ಗಾಯಗೊಂಡರು. ಹೈಡ್ರೋಜನ್‌ನಲ್ಲಿ ಸ್ಫೋಟದ ಮಿತಿ ಮೀರಿ ಆಕ್ಸಿಜನ್ ಬೆರೆತಿತ್ತು. ಈ ಘಟನೆ ಓದಿದ ಮೇಲೆ ಅನಿಲ ಶುದ್ಧತೆಯ ಸೆನ್ಸರ್‌ಗೆ ಹಣ ಉಳಿಸುವ ಮಾತನ್ನು ಯಾರೂ ಆಡಬಾರದು ಅನ್ನಿಸುತ್ತದೆ.

ಸ್ಟ್ಯಾಕ್‌ನ ಆಚೀಚೆ ಅಷ್ಟು ದಪ್ಪ ಲೋಹದ ತಟ್ಟೆ, ಉದ್ದ ಬೋಲ್ಟ್ ಯಾಕೆ?

ಒಂದು ಗುಣಾಕಾರ ಸಾಕು. ಸೆಲ್‌ನ ವಿಸ್ತೀರ್ಣ 1000 ಚದರ ಸೆಂಟಿಮೀಟರ್, ಒತ್ತಡ 30 ಬಾರ್. ತಟ್ಟೆಗಳನ್ನು ದೂರ ತಳ್ಳುವ ಬಲ ಸುಮಾರು 30 ಟನ್. ಬೋಲ್ಟ್‌ಗಳು ಅದನ್ನು ತಡೆಯಬೇಕು, ಜೊತೆಗೆ ಗ್ಯಾಸ್ಕೆಟ್ ಒತ್ತಿಹಿಡಿಯಲು ಇನ್ನಷ್ಟು ಬಲ. ಬಿಸಿಯಾದಾಗ ತಟ್ಟೆ ಬೇರೆ, ಬೋಲ್ಟ್ ಬೇರೆ ಹಿಗ್ಗುತ್ತವೆ. ಟೆಫ್ಲಾನ್ ಗ್ಯಾಸ್ಕೆಟ್ ಭಾರದಡಿ ನಿಧಾನಕ್ಕೆ ಹರಿದು ತೆಳುವಾಗುತ್ತದೆ. ಅದಕ್ಕೆ ಬೋಲ್ಟ್ ಕೆಳಗೆ ಸ್ಪ್ರಿಂಗ್ ವಾಷರ್‌ಗಳ ಸಾಲು ಇಡುತ್ತಾರೆ.

ರಬ್ಬರ್ ಓ-ರಿಂಗ್‌ಗಳದ್ದು ಬೇರೆ ತರಲೆ. ಹೆಚ್ಚು ಒತ್ತಡದಲ್ಲಿ ಅನಿಲ ರಬ್ಬರಿನೊಳಗೆ ಹೊಕ್ಕಿರುತ್ತದೆ. ಒತ್ತಡವನ್ನು ಒಮ್ಮೆಲೇ ಇಳಿಸಿದರೆ ಹೊರಬರಲು ಸಮಯ ಸಿಗದೆ ಒಳಗೇ ಗುಳ್ಳೆ ಎದ್ದು ಸೀಳುತ್ತದೆ. ಆದ್ದರಿಂದ ಒತ್ತಡ ಏರಿಸುವಾಗ ಎಷ್ಟು ತಾಳ್ಮೆ ಬೇಕೋ ಇಳಿಸುವಾಗಲೂ ಅಷ್ಟೇ ಬೇಕು.

ಸ್ಟ್ಯಾಕ್‌ನ ಬಿಗಿತ ಮತ್ತು ಅನಿಲದ ಒತ್ತಡ ಎರಡೂ ಒಂದೇನಾ?

ಅಲ್ಲ. ಸೆಲ್‌ಗಳನ್ನು ಒಂದರ ಮೇಲೊಂದು ಒತ್ತಿಹಿಡಿಯುವುದು ವಿದ್ಯುತ್ ಸಂಪರ್ಕ ಚೆನ್ನಾಗಿರಲಿ ಅಂತ. ಇಲ್ಲಿ ಬಾರ್ ಲೆಕ್ಕದಲ್ಲಿ ಹೇಳುವುದು ಒಳಗಿನ ಅನಿಲದ್ದು.

ಕಂಪ್ರೆಸರ್ ಬದಲು ಎಲೆಕ್ಟ್ರೊಕೆಮಿಕಲ್ ಸೆಲ್ಲನ್ನೇ ಬಳಸಬಹುದಂತೆ, ಹೌದಾ?

ಹೌದು, ಮತ್ತು ಉಪಾಯ ಚಂದ ಇದೆ. ಪೊರೆಯ ಒಂದು ಕಡೆ ಕಡಿಮೆ ಒತ್ತಡದ ಹೈಡ್ರೋಜನ್ ಕೊಡಿ. ಸಣ್ಣ ವೋಲ್ಟೇಜ್ ಹಾಕಿ. ಅಣು ಒಡೆದು ಪ್ರೋಟಾನ್ ಆಗಿ ಪೊರೆ ದಾಟುತ್ತದೆ, ಆಚೆ ಮತ್ತೆ ಅಣುವಾಗುತ್ತದೆ. ಆಚೆಯ ಬಾಗಿಲು ಮುಚ್ಚಿದ್ದರೆ ಒತ್ತಡ ಏರುತ್ತಾ ಹೋಗುತ್ತದೆ. ಪ್ರಯೋಗಗಳಲ್ಲಿ ಹೀಗೆ ನೂರಾರು ಬಾರ್ ತಲುಪಿದ್ದಾರೆ. ಪಿಸ್ಟನ್ ಇಲ್ಲ, ಸದ್ದಿಲ್ಲ, ಎಣ್ಣೆಯಿಲ್ಲ. ಪ್ರೋಟಾನ್ ಮಾತ್ರ ದಾಟುವುದರಿಂದ ಅನಿಲ ಶುದ್ಧವೂ ಆಗುತ್ತದೆ.

ಮಿತಿ ಎಲ್ಲಿ? ಗಂಟೆಗೆ 1 ಕಿಲೊ ಹೈಡ್ರೋಜನ್ ದಾಟಿಸಲು ಎಲ್ಲ ಸೆಲ್‌ಗಳದ್ದು ಸೇರಿ 26,600 ಆಂಪಿಯರ್ ಬೇಕು. ಚದರ ಸೆಂಟಿಮೀಟರ್‌ಗೆ 1 ಆಂಪಿಯರ್ ಅಂದರೂ 2.7 ಚದರ ಮೀಟರ್ ಪೊರೆ. ಗಂಟೆಗೆ ನೂರು ಕಿಲೊ ಬೇಕಾದ ಕಡೆ ಎಷ್ಟು ಪೊರೆ, ಎಷ್ಟು ಪ್ಲಾಟಿನಂ ಅಂತ ನೀವೇ ಲೆಕ್ಕ ಹಾಕಿ. ಜೊತೆಗೆ ಹಿಂದಕ್ಕೆ ನುಸುಳುವ ಅನಿಲ ಬೇರೆ. ಚಿಕ್ಕ ಸ್ಟೇಷನ್‌ಗೆ ಹೊಂದುತ್ತದೆ, ದೊಡ್ಡ ಕಾರ್ಖಾನೆಯಲ್ಲಿ ಪಿಸ್ಟನ್ನೇ ಗೆಲ್ಲುತ್ತದೆ ಎಂಬುದು ನನ್ನ ಅಂದಾಜು.

ಸಾವಿರ ಡಿಗ್ರಿ ಹತ್ತಿರ ಓಡುವ ಸೆರಾಮಿಕ್ ಸೆಲ್‌ಗಳಿಗೂ ಒತ್ತಡ ಹಾಕುತ್ತಾರಾ?

ಹಾಕುತ್ತಾರೆ, ಅಲ್ಲಿ ಒತ್ತಡಕ್ಕೆ ಇನ್ನೊಂದು ಉಪಯೋಗ ಇದೆ. ಘನ ಆಕ್ಸೈಡ್ ಸೆಲ್ ಎಂಬ ಈ ಸೆರಾಮಿಕ್ ಸೆಲ್‌ನಿಂದ ಹೊರಬರುವ ಗಾಳಿ ಕೆಂಡದಷ್ಟು ಬಿಸಿ. ಅದು ಒತ್ತಡದಲ್ಲೂ ಇದ್ದರೆ ನೇರ ಗ್ಯಾಸ್ ಟರ್ಬೈನ್‌ಗೆ ಬಿಟ್ಟು ಮತ್ತಷ್ಟು ಕರೆಂಟ್ ತೆಗೆಯಬಹುದು. ಆ ಟರ್ಬೈನ್ ತನ್ನ ಕಂಪ್ರೆಸರ್‌ನಿಂದ ಸೆಲ್‌ಗೆ ಗಾಳಿಯನ್ನೂ ಒತ್ತಿಕೊಡುತ್ತದೆ. ಸೀಮೆನ್ಸ್ ವೆಸ್ಟಿಂಗ್‌ಹೌಸ್ ಮಾಡಿದ 220 ಕಿಲೊವ್ಯಾಟ್‌ನ ಇಂಥ ಜೋಡಿ 2000ದ ಸುಮಾರಿಗೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಕ್ಯಾಂಪಸ್‌ನಲ್ಲಿ ಸುಮಾರು 3 ಬಾರ್‌ನಲ್ಲಿ ಓಡಿ ಶೇ. 53 ಆಸುಪಾಸಿನ ದಕ್ಷತೆ ತೋರಿಸಿತು. ಅಷ್ಟು ಚಿಕ್ಕ ಯಂತ್ರಕ್ಕೆ ಅದು ದೊಡ್ಡ ಸಂಖ್ಯೆ. ಕಷ್ಟ ಏನೆಂದರೆ ಟರ್ಬೈನ್ ಸೆಕೆಂಡಿನಲ್ಲಿ ಮೂಡು ಬದಲಿಸುತ್ತದೆ, ಸೆರಾಮಿಕ್‌ಗೆ ಗಂಟೆಗಳು ಬೇಕು. ಒತ್ತಡ ಒಮ್ಮೆಲೇ ಕುಸಿದರೆ ಪಿಂಗಾಣಿಯಂಥ ಸೆಲ್ ಬಿರುಕು ಬಿಡುತ್ತದೆ.

ಬ್ಯಾಟರಿಗಳಲ್ಲೂ ಇಂಥ ಒತ್ತಡ ಬಳಸಿದ್ದಾರಾ?

ನಿಕಲ್-ಹೈಡ್ರೋಜನ್ ಬ್ಯಾಟರಿ ನೋಡಿ. ಅರ್ಧ ಬ್ಯಾಟರಿ, ಅರ್ಧ ಫ್ಯುಯೆಲ್ ಸೆಲ್. ಚಾರ್ಜ್ ಮಾಡಿದಾಗ ಹೈಡ್ರೋಜನ್ ಹುಟ್ಟಿ ಅದೇ ಡಬ್ಬಿಯಲ್ಲಿ ಕೂಡಿಕೊಳ್ಳುತ್ತದೆ, ಒತ್ತಡ ಹಲವು ಹತ್ತು ಬಾರ್ ತನಕ ಏರುತ್ತದೆ. ಬಳಸಿದಾಗ ಇಳಿಯುತ್ತದೆ. ಇದರ ಸೊಗಸು ಏನೆಂದರೆ ಎಷ್ಟು ಚಾರ್ಜ್ ಉಳಿದಿದೆ ಅಂತ ತಿಳಿಯಲು ಒತ್ತಡ ಅಳೆದರೆ ಸಾಕು. ಹಬಲ್ ದೂರದರ್ಶಕ 1990ರಲ್ಲಿ ಈ ಬ್ಯಾಟರಿಗಳೊಂದಿಗೆ ಹೋಯಿತು, ಅವನ್ನು ಬದಲಿಸಿದ್ದು 2009ರಲ್ಲಿ. 19 ವರ್ಷ!

ಇಂಗಾಲದ ಡೈಆಕ್ಸೈಡನ್ನು ಇಂಧನ ಮಾಡುವ ಸೆಲ್‌ಗೂ ಒತ್ತಡ ಬೇಕಾ?

ಅಲ್ಲಿ ತೊಂದರೆ ಕರಗುವಿಕೆಯದ್ದು. 25 ಡಿಗ್ರಿಯಲ್ಲಿ 1 ಬಾರ್‌ಗೆ ಒಂದು ಲೀಟರ್ ನೀರಿನಲ್ಲಿ ಸುಮಾರು ಒಂದೂವರೆ ಗ್ರಾಂ ಮಾತ್ರ ಕರಗುತ್ತದೆ. ಎಲೆಕ್ಟ್ರೋಡ್ ಹಸಿದು ಕೂರುತ್ತದೆ, ಬದಲಿಗೆ ನೀರನ್ನೇ ಒಡೆದು ಹೈಡ್ರೋಜನ್ ಕೊಡುತ್ತದೆ. ಒತ್ತಡ ಏರಿಸಿದರೆ ಕರಗುವುದೂ ಏರುತ್ತದೆ. ಆದರೆ 25 ಡಿಗ್ರಿಯಲ್ಲಿ 64 ಬಾರ್ ಹತ್ತಿರ ಆ ಅನಿಲವೇ ದ್ರವ ಆಗಿಬಿಡುತ್ತದೆ, ಆಮೇಲೆ ಆಟದ ನಿಯಮ ಬೇರೆ.

ವಿಮಾನದಲ್ಲಿ ಫ್ಯುಯೆಲ್ ಸೆಲ್ ಹಾಕಿದರೆ ಒತ್ತಡದ ಕಥೆ ಏನಾಗುತ್ತದೆ?

ತಲೆಕೆಳಗಾಗುತ್ತದೆ. 10 ಕಿಲೋಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ 0.26 ಬಾರ್. ಸೆಲ್‌ಗೆ 2 ಬಾರ್ ಕೊಡಲು ಎಂಟು ಪಟ್ಟು ಒತ್ತಬೇಕು. ಒಂದೇ ಹಂತದಲ್ಲಿ ಅದು ಕಷ್ಟ. ಎರಡು ಹಂತ, ನಡುವೆ ತಂಪು ಮಾಡುವ ಕೂಲರ್, ಹೊರಹೋಗುವ ಗಾಳಿಗೆ ಟರ್ಬೈನ್, ಎಲ್ಲ ಬೇಕು. ಮೇಲೆ ಬೇರೆ ಸಂಕಟ: ಸೆಲ್ ಓಡುವುದು 80 ಡಿಗ್ರಿಯಲ್ಲಿ, ಅಷ್ಟು ಮಂದ ಬಿಸಿಯನ್ನು ತೆಳು ಗಾಳಿಗೆ ದಾಟಿಸಲು ದೊಡ್ಡ ರೇಡಿಯೇಟರ್ ಬೇಕು, ಅದು ಗಾಳಿಗೆ ಅಡ್ಡ ನಿಲ್ಲುತ್ತದೆ. ಸೆಲ್ಲನ್ನು ಇನ್ನೂ ಬಿಸಿಯಲ್ಲಿ, 120 ಡಿಗ್ರಿ ಮೇಲೆ ಓಡಿಸೋಣ ಅಂದರೆ ನೀರಿನ ಆವಿಯ ಒತ್ತಡ ಅಲ್ಲಿ 2 ಬಾರ್ ಸಮೀಪ. ಪೊರೆಯನ್ನು ಒದ್ದೆ ಇಡಲು ಒಟ್ಟು ಒತ್ತಡವನ್ನು ಮತ್ತೂ ಏರಿಸಬೇಕು. ಬೇಕನ್ 1930ರ ದಶಕದಲ್ಲಿ ಸಿಕ್ಕಿಹಾಕಿಕೊಂಡ ಅದೇ ಸರಪಳಿ. ಅದಕ್ಕೇ ನೀರಿನ ಹಂಗಿಲ್ಲದೆ ಪ್ರೋಟಾನ್ ಸಾಗಿಸುವ ಪೊರೆಗಳ ಹಿಂದೆ ಈಗ ಇಷ್ಟು ಜನ ಬಿದ್ದಿರುವುದು.